ಕಾಶಿಯಲ್ಲಿ ಬಿಟ್ಟ ಸೀತಾಫಲ

ಸಂಕ್ರಾಂತಿ ಮುಗಿದು ಚಳಿ ಹಿಂದೆ ಸರಿದ ಮೇಲೆ, ಒಗೆಯಲು ಹಾಕುವ ಮುಂಚೆ ನನ್ನ ಸ್ವೆಟರಿನ ಕಿಸೆಗೆ ಕೈ ಹಾಕಿದೆ. ಒಂದು ಬಸ್ಸಿನ ಟಿಕೀಟು, ಒಂದು ಲವಂಗ, ಒಂದು ಸೀತಾಫಲದ ಬೀಜ ಸಿಕ್ಕವು. ಟಿಕೀಟು ಹೈದರಾಬಾದಿನ ನಾಂಪಲ್ಲಿಯ ಎಕ್ಸಿಬಿಷನ್ನಿಗೆ ಹೋದಾಗಿನದು. ಅಲ್ಲಿಗೆ ನಾನು ಪ್ರತಿ ಜನವರಿಯಲ್ಲೂ ಹೋಗುತ್ತೇನೆ, ಪ್ರತಿ ಸಲವೂ ತರಕಾರಿ ಹೆಚ್ಚುವ ಒಂದು ಯಂತ್ರ ಕೊಂಡು ತರುತ್ತೇನೆ, ಮನೆಗೆ ಬಂದ ಮೇಲೆ ಅದು ಹೆಚ್ಚುವುದಿಲ್ಲ. ಲವಂಗ ಹಲ್ಲುನೋವಿನದು. ಬೀಜ ಮಾತ್ರ ಕಳ್ಳಮಾಲು. ಅರವತ್ತು ದಾಟಿದ ಮನುಷ್ಯನ ಕಿಸೆಯಲ್ಲಿ ಕಳ್ಳಮಾಲು ಸಿಕ್ಕಾಗ ಅದರ ಕಥೆಯನ್ನು ಅವನೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮನೆಯವರು ಹೇಳುತ್ತಾರೆ, ಅವರು ಹೇಳುವಾಗ ನಮ್ಮ ಪರವಾಗಿ ಮಾತಾಡುವವರು ಯಾರೂ ಇರುವುದಿಲ್ಲ.

ಮೊದಲು ಹಣ್ಣುಗಳ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ನನ್ನಲ್ಲಿ ಅಭಿಪ್ರಾಯಗಳಿಗೆ ಕೊರತೆಯಿಲ್ಲ. ಕೇಂದ್ರ ಸರಕಾರದ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಕೂತು, ಬಂದ ಮಾಲನ್ನೆಲ್ಲ ಅಳೆದು 'ಪಾಸು', 'ರಿಜೆಕ್ಟು' ಎಂದು ಬರೆದೇ ನಾನು ಸಂಬಳ ತಿಂದದ್ದು. ನಿವೃತ್ತಿಯಾದರೂ ಕೈ ಬರೆಯುತ್ತಲೇ ಇರುತ್ತದೆ. ನನ್ನ ಪ್ರಕಾರ ಬಾಳೆಹಣ್ಣು ದೇವರದು. ಮಾವಿನಹಣ್ಣು ಬೀಗರದು, ಯಾಕೆಂದರೆ ಅದನ್ನು ತಿನ್ನುವುದಕ್ಕಿಂತ ಪೆಟ್ಟಿಗೆ ಕಟ್ಟಿ ಕಳಿಸುವುದರಲ್ಲೇ ದೊಡ್ಡಸ್ತಿಕೆ ಹೆಚ್ಚು. ಸೇಬು ರೋಗಿಯದು, ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಇದ್ದಷ್ಟು ಶೋಭೆ ಅದಕ್ಕೆ ಬೇರೆಲ್ಲೂ ಇಲ್ಲ. ಸೀತಾಫಲ ಮಾತ್ರ ತಿನ್ನುವವನದು. ಅದನ್ನು ಹೋಳು ಮಾಡಿ ಅತಿಥಿಗಳ ಮುಂದೆ ಇಡಲು ಬರುವುದಿಲ್ಲ. ಡಬ್ಬಿಗೆ ಹಾಕಿ ಆಫೀಸಿಗೆ ಒಯ್ಯಲು ಬರುವುದಿಲ್ಲ. ಒಂದು ದಿನ ಮುಂಚೆ ಅದು ಕಲ್ಲು, ಒಂದು ದಿನ ತಡವಾದರೆ ಹುಳಿ ಗಂಜಿ. ತಿನ್ನಲು ಎರಡೂ ಕೈ ಬೇಕು, ಬಾಯಿ ಪೂರ್ತಿ ಬೇಕು, ಬೀಜ ಉಗುಳಲು ಜಾಗ ಬೇಕು. ನಾಚಿಕೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕೆ ಇಡಬೇಕು. ಈಗ ನಮ್ಮ ಹೈದರಾಬಾದಿನಲ್ಲಿ ಬೀಜ ತೆಗೆದು, ಕೆನೆ ಬೆರೆಸಿ, ಗಾಜಿನ ಬಟ್ಟಲಲ್ಲಿ ಕೊಡುವ ಅಂಗಡಿಗಳಿವೆ. ಕೊಡಲಿ ಪಾಪ. ಬೇರೆಯವರು ಬೀಜ ತೆಗೆದ ಸೀತಾಫಲ ಎಂದರೆ ಬೇರೆಯವರು ನಮ್ಮ ಬದಲು ಸ್ನಾನ ಮಾಡಿ ಬಂದ ಹಾಗೆ.

ನಾನು ಹುಟ್ಟಿ ಬೆಳೆದದ್ದು ಕೊಪ್ಪಳದ ಕಡೆ, ಗುಂಡುಗಲ್ಲಿನ ಗುಡ್ಡಗಳ ಬುಡದಲ್ಲಿ. ಅಲ್ಲಿ ಸೀತಾಫಲವನ್ನು ಯಾರೂ ಬೆಳೆಯುತ್ತಿರಲಿಲ್ಲ, ಆದ್ದರಿಂದ ಯಾರೂ ಕೊಳ್ಳುತ್ತಲೂ ಇರಲಿಲ್ಲ. ಬಂಡೆಗಳ ಸಂದಿಯಲ್ಲಿ ತಾನೇ ಹುಟ್ಟಿ ತಾನೇ ಬದುಕುತ್ತಿತ್ತು. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಸೀತಾಫಲದ ಸೊಪ್ಪನ್ನು ನಮ್ಮೂರ ಆಡುಗಳು ಮೂಸಿ ನೋಡಿ ಮುಂದೆ ಹೋಗುತ್ತಿದ್ದವು. ಗಾದೆ ಕಟ್ಟಿದವರು ನಮ್ಮೂರಿಗೆ ಬಂದಿರಲಿಕ್ಕಿಲ್ಲ. ದೀಪಾವಳಿಗೆ ಮುಂಚೆ ನಾವು ಗುಡ್ಡ ಹತ್ತಿ, ಕಣ್ಣು ಬಿಟ್ಟ ಕಾಯಿಗಳನ್ನು ಆರಿಸಿ ಕಿತ್ತು ತರುತ್ತಿದ್ದೆವು. ಹಣ್ಣಿನ ಮೈಮೇಲಿನ ಗಂಟುಗಳ ನಡುವೆ ಗೆರೆ ಅಗಲವಾಗಿ, ಹಸಿರು ಹೋಗಿ ನಸುಹಳದಿ ಕಂಡರೆ ಅದು ಕಣ್ಣು ಬಿಟ್ಟಿತು ಎಂದು ಲೆಕ್ಕ. ಕಣ್ಣು ಬಿಡದ್ದನ್ನು ತಂದರೆ ಅದು ಹಣ್ಣಾಗುವುದಿಲ್ಲ, ಮುನಿಸಿಕೊಂಡು ಕಪ್ಪಾಗಿಬಿಡುತ್ತದೆ.

ತಂದದ್ದನ್ನು ನಮ್ಮಜ್ಜಿ ಜೋಳದ ಚೀಲದೊಳಗೆ ಹುಗಿದು ಇಡುತ್ತಿದ್ದಳು. ತಾನು ಹೇಳುವ ತನಕ ಯಾರೂ ಚೀಲ ಮುಟ್ಟುವಂತಿಲ್ಲ. ಒಂದು ಸಲ ಮೂರನೆಯ ದಿನ, ಅವಳು ಮಧ್ಯಾಹ್ನ ಅಡ್ಡಾದಾಗ ನಾನು ಮೊಣಕೈ ಮುಳುಗುವ ತನಕ ಕೈ ಇಳಿಸಿ, ಒಂದೊಂದೇ ಹಣ್ಣು ಹುಡುಕಿ ಹಿಚುಕಿ ನೋಡಿದೆ. ಯಾವುದೂ ಮೆತ್ತಗಿರಲಿಲ್ಲ. ಹಿಚುಕಿದ ಜಾಗ ಆಮೇಲೆ ಕಪ್ಪಗೆ ಕಂದುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಎರಡು ದಿನ ಬಿಟ್ಟು ಅಜ್ಜಿ ಹಣ್ಣು ತೆಗೆದಾಗ ಎಲ್ಲದರ ಮೇಲೂ ನನ್ನ ಹೆಬ್ಬೆರಳಿತ್ತು. ಅವಳು ಬೈಯಲಿಲ್ಲ. 'ನೀ ಹಿಚಿಕಿದ್ದು ನೀನ ತಿನ್ನು' ಎಂದು ಕಂದಿದ ಭಾಗಗಳನ್ನೆಲ್ಲ ಬಿಡಿಸಿ ನನ್ನ ತಟ್ಟೆಗೆ ಹಾಕಿದಳು. ಅವತ್ತಿನಿಂದ ಹೋದ ಅಕ್ಟೋಬರಿನವರೆಗೆ ನನಗೆ ಸೀತಾಫಲ ಆರಿಸಲು ಬರಲಿಲ್ಲ. ಯಂತ್ರದ ಬಿಡಿಭಾಗಗಳನ್ನು ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ತಿರಸ್ಕರಿಸಿದ ಈ ಕೈಗೆ ಹಣ್ಣಿನ ವಿದ್ಯೆ ಹತ್ತಲಿಲ್ಲ.

ಆ ವಿದ್ಯೆ ಇರುವುದು ನನ್ನ ಹೆಂಡತಿ ಗಿರಿಜಾಳಿಗೆ. ಅವಳ ತವರು ಮುದಗಲ್ಲು. ನಾನು ಹೆಣ್ಣು ನೋಡಲು ಹೋದದ್ದು ಕಾರ್ತಿಕ ಮಾಸದಲ್ಲಿ. ಉಪ್ಪಿಟ್ಟಿನ ತಟ್ಟೆಯಾದ ಮೇಲೆ ಮಾವನವರು ಎರಡು ದೊಡ್ಡ ಸೀತಾಫಲ ತಂದು ನನ್ನ ಮುಂದೆ ಇಟ್ಟರು. ಬೇಡ ಎನ್ನಲು ಮನಸ್ಸು ಬರಲಿಲ್ಲ, ಒಡೆದು ಬಾಯಿಗೆ ಹಾಕಿಕೊಂಡೆ. ಆಮೇಲೆ ಗೊತ್ತಾಯಿತು, ಬೀಜ ಉಗುಳಲು ಅವರು ಏನೂ ಇಟ್ಟಿರಲಿಲ್ಲ. ಎದುರಿಗೆ ಹಿರಿಯರು, ಕೆಳಗೆ ಹೊಸ ಜಮಖಾನೆ. ಬೀಜಗಳನ್ನೆಲ್ಲ ಎಡದವಡೆಯ ಕಡೆ ಸೇರಿಸಿ ಕೂತೆ. ಅಷ್ಟರಲ್ಲಿ ಮಾವನವರು 'ಡ್ಯೂಟಿ ಎಷ್ಟ ತಾಸು ಇರತೈತ್ರಿ? ಕ್ವಾರ್ಟರ್ಸ್ ಕೊಡ್ತಾರೇನ್ರಿ?' ಎಂದು ಒಂದರ ಮೇಲೊಂದು ಕೇಳತೊಡಗಿದರು. ನಾನು ತಲೆ ಅಲ್ಲಾಡಿಸಿದೆ, ಕೈ ಆಡಿಸಿದೆ, ಹ್ಞೂಂ ಎಂದೆ. ಬಾಗಿಲ ಸಂದಿಯಲ್ಲಿ ಯಾರೋ ನಕ್ಕ ಹಾಗಾಯಿತು. ನಾನು ಹೋದ ಮೇಲೆ 'ಹುಡುಗ ಭಾಳ ಗಂಭೀರ, ಮಾತು ಕಮ್ಮಿ' ಎಂದು ತೀರ್ಮಾನವಾಗಿ ಮದುವೆ ಗೊತ್ತಾಯಿತು. ಮದುವೆಯಾದ ವಾರದಲ್ಲಿ ಅವರಿಗೆಲ್ಲ ಮೋಸ ಹೋದದ್ದು ತಿಳಿಯಿತು. ಗಿರಿಜಾಳಿಗೆ ಮಾತ್ರ ಅವತ್ತೇ ತಿಳಿದಿತ್ತು, ಬಾಗಿಲ ಸಂದಿಯಲ್ಲಿ ನಕ್ಕವಳು ಅವಳೇ.

ಹೀಗೆ ನಮ್ಮ ಸಂಸಾರಕ್ಕೆ ಸೀತಾಫಲವೇ ಸಾಕ್ಷಿ. ಹೈದರಾಬಾದಿನ ತಾರ್ನಾಕದಲ್ಲಿ ಮನೆ ಮಾಡಿದ ಮೇಲಂತೂ ನಮಗೆ ಸ್ವರ್ಗವೇ ಸಿಕ್ಕಿತು. ಪಕ್ಕದ ವಿಶ್ವವಿದ್ಯಾಲಯದ ಹಳೇ ಆವರಣದಲ್ಲಿ ಬಂಡೆಗಳಿವೆ, ಬಂಡೆಗಳ ನಡುವೆ ಸೀತಾಫಲದ ಗಿಡಗಳಿವೆ. ಅಕ್ಟೋಬರಿನಲ್ಲಿ ಬೆಳಗಿನ ವಾಕಿಂಗಿಗೆ ಬರುವ ಹಿರಿಯರ ಕೈಯಲ್ಲಿ ಮಳೆ ಇಲ್ಲದಿದ್ದರೂ ಕೊಡೆ ಇದ್ದರೆ, ಅದರ ಕೊಕ್ಕೆ ಯಾಕೆ ಎಂದು ಕೇಳಬಾರದು. ನನ್ನ ಹತ್ತಿರವೂ ಅಂಥದೊಂದು ಕೊಡೆ ಇದೆ. ಇದಲ್ಲದೆ ಮಹಬೂಬ್‌ನಗರದ ಕಡೆಯಿಂದ ಯಾದಮ್ಮ ಎಂಬಾಕೆ ಬೆಳಗಿನ ಬಸ್ಸಿಗೆ ಬುಟ್ಟಿ ಹೊತ್ತು ಬಂದು ನಮ್ಮ ಓಣಿಯ ತಿರುವಿನಲ್ಲಿ ಕೂಡುತ್ತಾಳೆ. ಅವಳೂ ಗಿರಿಜಾಳೂ ತೆಲುಗಿನಲ್ಲಿ ಮಾತಾಡುವುದನ್ನು ಕೇಳಿದರೆ ಇಬ್ಬರು ಡಾಕ್ಟರರು ಒಬ್ಬ ರೋಗಿಯ ಬಗ್ಗೆ ಮಾತಾಡುತ್ತಿದ್ದಾರೆ ಎನ್ನಬೇಕು. 'ಅಮ್ಮಾ, ಇದಿ ಎಲ್ಲುಂಡಿ ಪಂಡ್ತದಿ' ಎಂದು ಯಾದಮ್ಮ ಒಂದನ್ನು ಎತ್ತಿ ಕೊಡುತ್ತಾಳೆ, ನಾಡಿದ್ದು ಹಣ್ಣಾಗುತ್ತದೆ ಎಂದು. ಗಿರಿಜಾ ಅದನ್ನು ಹಿಚುಕುವುದಿಲ್ಲ, ಅಂಗೈಯಲ್ಲಿಟ್ಟು ತೂಗುತ್ತಾಳೆ, ತೊಟ್ಟಿನ ಹತ್ತಿರ ಬೆರಳ ತುದಿ ಸೋಕಿಸುತ್ತಾಳೆ. ನಾಡಿದ್ದು ಎಂದರೆ ನಾಡಿದ್ದೇ.

ಇನ್ನು ಕಾಶಿಯ ಮಾತು. ಹನ್ನೊಂದು ವರ್ಷದ ಹಿಂದೆ, ಹೈದರಾಬಾದಿನಲ್ಲಿರುವ ನಮ್ಮ ಕಡೆಯ ಕೆಲವು ಕುಟುಂಬಗಳು ಸೇರಿ ಕಾಶಿಗೆ ಹೋದೆವು. ಅಡಿಗೆಯವರನ್ನೂ ಜೋಳದ ಹಿಟ್ಟನ್ನೂ ಜೊತೆಗೇ ಒಯ್ದಿದ್ದೆವು. ಮೋಕ್ಷ ಸಿಕ್ಕೀತು, ರೊಟ್ಟಿ ಸಿಗಲಿಕ್ಕಿಲ್ಲ ಎಂಬ ಹೆದರಿಕೆ. ಕಾಶಿಗೆ ಹೋದವರು ಒಂದು ಹಣ್ಣು, ಒಂದು ಕಾಯಿಪಲ್ಯ ಬಿಟ್ಟು ಬರಬೇಕು ಎಂಬುದು ನಿಮಗೂ ಗೊತ್ತಿದ್ದದ್ದೇ. ಗಂಗೆಯ ಮುಂದೆ ಬಿಟ್ಟೆ ಎಂದು ಹೇಳಿದ ಮೇಲೆ ಜೀವ ಇರುವ ತನಕ ಅದನ್ನು ಬಾಯಿಗೆ ಹಾಕುವಂತಿಲ್ಲ. ಬಹಳ ಇಷ್ಟವಾದದ್ದನ್ನೇ ಬಿಡಬೇಕು ಎಂಬುದು ಪದ್ಧತಿ. ಆದರೆ ನಮ್ಮ ಗುಂಪಿನ ಗಂಡಸರೆಲ್ಲ ಒಬ್ಬರ ಹಿಂದೊಬ್ಬರು ನೀರಲ್ಲಿ ನಿಂತು ಹಾಗಲಕಾಯಿ ಬಿಟ್ಟರು. ನಾನೂ ಹಾಗಲಕಾಯಿ ಬಿಟ್ಟೆ. ಹಣ್ಣಿನ ಸರದಿ ಬಂದಾಗ ಸೇಬು ಬಿಟ್ಟೆ. ಪುರೋಹಿತರಿಗೆ ಅನುಮಾನ ಬಂತು. 'ಸೇಬ್ ಪಸಂದ್ ಹೈ ಆಪ್ ಕೋ?' ಎಂದು ಕೇಳಿದರು. 'ಜಾನ್ ಹೈ ಸಾಬ್' ಎಂದೆ, ಅದೇ ನನ್ನ ಜೀವ ಎಂದು. ಹೈದರಾಬಾದಿನಲ್ಲಿ ಇಷ್ಟು ವರ್ಷ ಇದ್ದವನಿಗೆ ಇಂಥ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಸುತ್ತ ನಿಂತವರೆಲ್ಲ ನಕ್ಕರು.

ಗಿರಿಜಾ ನಗಲಿಲ್ಲ. ಅವಳು ಬೊಗಸೆಯಲ್ಲಿ ನೀರು ತೆಗೆದುಕೊಂಡು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತಳು. ಆಮೇಲೆ, ಪುರೋಹಿತರಿಗಲ್ಲ, ನೀರಿಗೇ ಹೇಳುವ ಹಾಗೆ ಮೆಲ್ಲಗೆ 'ಸೀತಾಫಲ' ಎಂದಳು. ಮೆಟ್ಟಿಲು ಹತ್ತುವಾಗ 'ಮುಂಜಾನಿಂದ ಉಪವಾಸ ಇದ್ದೀ, ತಲಿ ಕೆಟ್ಟೈತೇನ ನಿಂದು? ಪಪ್ಪಾಯಿ ಬಿಟ್ಟಿದ್ರ ಆಗತಿದ್ದಿಲ್ಲೇನು?' ಎಂದು ರೇಗಿದೆ. 'ಇಷ್ಟದ್ದು ಬಿಡ್ರಿ ಅಂದ್ರು. ಬಿಟ್ಟೆ' ಎಂದು ಸೀರೆ ಹಿಂಡುತ್ತ ನಡೆದಳು. ಆ ಮಾತು ಅಲ್ಲಿಗೆ ಮುಗಿಯಿತು ಎಂದು ನಾನು ಹನ್ನೊಂದು ವರ್ಷ ತಿಳಿದುಕೊಂಡಿದ್ದೆ.

ಆ ವರ್ಷ ಸೀತಾಫಲದ ಕಾಲ ಬಂದಾಗ ಯಾದಮ್ಮನ ಕಡೆ ನೋಡದೆ ಓಡಾಡಿದೆ. ಮನೆಯಲ್ಲಿ ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಎದುರಿಗೇ ಕೂತು ತಿನ್ನುವುದು ಹೇಗೆ? ಆದರೆ ಒಂದು ದಿನ ಗಿರಿಜಾ ತಾನೇ ಹೋಗಿ ಆರು ಹಣ್ಣು ತಂದು ಅಕ್ಕಿ ಡಬ್ಬಿಯಲ್ಲಿ ಹುಗಿದಳು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮುಟ್ಟಿ ನೋಡಿದಳು. ಭಾನುವಾರ ಹನ್ನೊಂದು ಗಂಟೆಗೆ ಬಾಲ್ಕನಿಯಲ್ಲಿ ಚಾಪೆ ಹಾಸಿ, ಹಣ್ಣನ್ನು ಎರಡೂ ಹೆಬ್ಬೆರಳಿಂದ ಮೆಲ್ಲಗೆ ಒಡೆದು, ನನ್ನ ಮುಂದೆ ತಟ್ಟೆ ಇಟ್ಟಳು. 'ತಿನ್ರಿ. ತಿನ್ನೂದು ಬಿಟ್ಟೀನಿ, ಮುಟ್ಟೂದು ಬಿಟ್ಟಿಲ್ಲ' ಎಂದು ಎದುರಿಗೆ ಕೂತಳು. ನಾನು ತಿಂದೆ. ಅವಳು ಕೇಳಿದಳು, 'ಹೆಂಗೈತ್ರಿ?'

'ಚಲೋ ಐತಿ.'

'ಚಲೋ ಐತಿ ಅಂದ್ರ ಏನ್ರಿ? ಉಪ್ಪಿಟ್ಟಿಗೂ ಅದನ್ನ ಅಂತೀರಿ, ಹವಾಕ್ಕೂ ಅದನ್ನ ಅಂತೀರಿ. ಹೆಂಗೈತಿ ಹೇಳ್ರಿ.'

ಹೀಗೆ ನನ್ನ ಪಾಠ ಶುರುವಾಯಿತು. ಸಿಪ್ಪೆಯ ಹತ್ತಿರ ಹರಳು ಹರಳಾಗಿ ನಾಲಿಗೆಗೆ ಸಿಗುತ್ತದಲ್ಲ, ಅದು ದಪ್ಪ ರವೆಯೋ ಚಿರೋಟಿ ರವೆಯೋ? ಬೀಜ ತಾನೇ ಜಾರಿತೋ, ಎಳೆದು ಬಿಡಿಸಬೇಕಾಯಿತೋ? ವಾಸನೆ ಮೊದಲು ಬಂತೋ, ಸಿಹಿ ಮೊದಲು ಬಂತೋ? ಎಲ್ಲದಕ್ಕೂ ಉತ್ತರ ಕೊಡಬೇಕು. ನಾನು ಬೀಜ ಬಾಯಲ್ಲಿಟ್ಟುಕೊಂಡು ಒಂದೊಂದೇ ಪದ ಹೊರಡಿಸುವುದು, ಅವಳು ಕಣ್ಣು ಅರ್ಧ ಮುಚ್ಚಿ ಕೇಳುವುದು. 'ಚಿರೋಟಿ ರವಾ' ಎಂದರೆ 'ಹಂಗಾದ್ರ ಯಾದಮ್ಮ ಖರೇ ಹೇಳ್ಯಾಳ' ಎಂದು ತಲೆದೂಗುವುದು. ಆಮೇಲೆ ನಾನು ಎದ್ದು ಕೈ ತೊಳೆದು ಪೇಪರು ಹಿಡಿದು ಕೂತರೂ ಅವಳು ಬಹಳ ಹೊತ್ತು ಕೈ ತೊಳೆಯುತ್ತಿರಲಿಲ್ಲ. ಒಡೆದ ಬೆರಳುಗಳಲ್ಲಿ ಹಣ್ಣಿನ ವಾಸನೆ ಉಳಿದಿರುತ್ತದೆ. ಸೆರಗು ಸರಿಮಾಡುವ ನೆಪದಲ್ಲಿ, ಕೂದಲು ಹಿಂದೆ ಸರಿಸುವ ನೆಪದಲ್ಲಿ ಆ ಕೈ ಮೂಗಿನ ಹತ್ತಿರ ಹೋಗಿ ಬರುತ್ತಿತ್ತು. ನಾನು ನೋಡಿಯೂ ನೋಡದ ಹಾಗೆ ಇರುತ್ತಿದ್ದೆ.

ಹತ್ತು ವರ್ಷ ಹೀಗೆ ನಡೆಯಿತು. ನಾನು ನನ್ನ ಮನಸ್ಸಿನಲ್ಲಿ ದೊಡ್ಡ ಮನುಷ್ಯನಾದೆ. ಅವಳ ಪಾಲಿನ ಹಣ್ಣನ್ನು ಅವಳಿಗೋಸ್ಕರ ನಾನು ತಿನ್ನುತ್ತಿದ್ದೇನೆ, ಇದೊಂದು ಸೇವೆ ಎಂದುಕೊಂಡೆ. ಸೇವೆ ಮಾಡುವವನು ಮೂರು ಹಣ್ಣಿಗೆ ಯಾಕೆ ನಿಲ್ಲಬೇಕು ಎಂದು ಕೆಲವು ಸಲ ನಾಲ್ಕನೆಯದಕ್ಕೂ ಕೈ ಹಾಕಿದ್ದುಂಟು.

ಹೋದ ಸೆಪ್ಟೆಂಬರಿನಲ್ಲಿ ಅದರ ಬಿಲ್ಲು ಬಂತು. ಕಾಲು ಜೋಮು ಹಿಡಿಯುತ್ತಿದೆ ಎಂದು ರಕ್ತ ತೋರಿಸಿದೆ. ಡಾಕ್ಟರಮ್ಮ ನಮ್ಮ ಮಗಳಿಗಿಂತ ಚಿಕ್ಕವಳು. ರಿಪೋರ್ಟು ನೋಡಿ ಅರ್ಧ ತೆಲುಗು ಅರ್ಧ ಹಿಂದಿಯಲ್ಲಿ ತೀರ್ಪು ಓದಿದಳು, ನಿಮಗೋಸ್ಕರ ನಡುನಡುವೆ ಕನ್ನಡ ಮಾಡಿದ್ದೇನೆ. 'ಅಂಕಲ್, ಷುಗರ್ ಬಹಳ ಉಂದಿ. ಸೀತಾಫಲ್ ಬಂದ್. ಮಾವು, ಸಪೋಟ, ದ್ರಾಕ್ಷಿ, ಎಲ್ಲಾ ಬಂದ್. ಹಣ್ಣು ತಿನ್ನಲೇಬೇಕು ಅನಿಸಿದರೆ ಒಂದು ಆಪಲ್ ತಿನಂಡಿ, ಬೇಫಿಕರ್.'

'ಆಪಲ್ ನಾನು ಕಾಶಿಯಲ್ಲಿ ಬಿಟ್ಟುಬಂದಿದ್ದೇನಮ್ಮಾ' ಎಂದೆ.

'ಪರವಾಗಿಲ್ಲ ಅಂಕಲ್, ಇಲ್ಲೂ ಸಿಗ್ತದೆ, ಕೊಂಡ್ಕೊಳ್ಳಿ' ಎಂದು ಅವಳು ಮುಂದಿನ ಚೀಟಿ ಕರೆದಳು.

ಗಂಗೆಯ ಲೆಕ್ಕ ಎಷ್ಟು ಚೊಕ್ಕ ನೋಡಿ. ತಪಾಸಣೆ ವಿಭಾಗದ ಜಾಣ ಯಾವುದನ್ನು ಬೇಡವೆಂದು ರಿಜೆಕ್ಟು ಮಾಡಿ ಬಂದಿದ್ದನೋ, ಅದೊಂದೇ ಅವನಿಗೆ ಉಳಿದ ಹಣ್ಣಾಯಿತು, ಅದೂ ತಿನ್ನುವಂತಿಲ್ಲ. ಬಸ್ಸಿನಲ್ಲಿ ಬರುವಾಗ ಮೊದಲು ನಗು ಬಂತು. ಹಬ್ಸಿಗುಡಾ ದಾಟುವಷ್ಟರಲ್ಲಿ ಬೇರೆಯೇ ಒಂದು ಯೋಚನೆ ಬಂದು ನಗು ನಿಂತಿತು. ನಾನು ಸೀತಾಫಲ ಬಿಟ್ಟರೆ ನನಗೇನೋ ಒಂದು ಹಣ್ಣು ಹೋಯಿತು ಅಷ್ಟೆ. ಅವಳಿಗೆ? ಭಾನುವಾರದ ಚಾಪೆ ಹೋಯಿತು, ರವೆಯ ಪ್ರಶ್ನೆ ಹೋಯಿತು, ಬೆರಳಿನ ವಾಸನೆ ಹೋಯಿತು. ಅವಳು ನನ್ನ ಬಾಯಿಂದ ತಿನ್ನುತ್ತಿದ್ದಾಳೆ. ಇದ್ದ ಒಂದು ಬಾಯಿಯನ್ನೂ ಡಾಕ್ಟರಮ್ಮ ಮುಚ್ಚಿಸಿದಳು. ರಿಪೋರ್ಟನ್ನು ಹಳೇ ಪಂಚಾಂಗದ ನಡುವೆ ಇಟ್ಟೆ. ಗಿರಿಜಾ ಕೇಳಿದಾಗ 'ಎಲ್ಲಾ ನಾರ್ಮಲ್' ಎಂದೆ.

ಅಕ್ಟೋಬರಿನಲ್ಲಿ ಯಾದಮ್ಮ ಬಂದಳು. ಮೊದಲ ಎರಡು ಭಾನುವಾರ ನಿಜವಾಗಿಯೇ ತಿಂದೆ. ಬಾಯಿಗೆ ರುಚಿ, ಹೊಟ್ಟೆಗೆ ಹೆದರಿಕೆ. ಮಂಗಳವಾರ ಗುಟ್ಟಾಗಿ ರಕ್ತ ತೋರಿಸಿದರೆ ಅಂಕಿ ಇನ್ನೂ ಏರಿತ್ತು. ಆ ರಿಪೋರ್ಟೂ ಪಂಚಾಂಗದೊಳಗೆ ಹೋಯಿತು. ಆಗ ನನ್ನ ತಲೆಯಲ್ಲಿ ಒಂದು ಯೋಜನೆ ಹುಟ್ಟಿತು. ನಾನು ಸುಲಭಕ್ಕೆ ಧೈರ್ಯ ಕಳೆದುಕೊಳ್ಳುವವನಲ್ಲ. ಚೀಪದ ಬೀಜ ಚೊಕ್ಕವಾಗಿ ಕಾಣುವುದಿಲ್ಲ ಎಂದು, ಹಿಂದಿನ ಭಾನುವಾರ ತಿಂದ ಹಣ್ಣಿನ ಬೀಜಗಳನ್ನು ಕಸ ಚೆಲ್ಲುವ ನೆಪದಲ್ಲಿ ಬುಟ್ಟಿಯಿಂದ ಒಂದಷ್ಟು ಆರಿಸಿ ವಾಕಿಂಗಿನ ಸ್ವೆಟರಿನ ಕಿಸೆಗೆ ಇಳಿಸಿಕೊಂಡೆ. ಭಾನುವಾರ ಸೊಲ್ಲಾಪುರದಿಂದ ಮಗಳ ಫೋನು ಬರುತ್ತದೆ. ಗಿರಿಜಾ ಒಳಗೆ ಹೋದರೆ ಹತ್ತು ನಿಮಿಷ ಹೊರಗೆ ಬರುವುದಿಲ್ಲ. ಬೆಳಿಗ್ಗೆಯೇ ಮಗಳಿಗೆ 'ಇವತ್ತು ಹನ್ನೊಂದು ಹೊಡದು ಐದಕ್ಕ ಫೋನ್ ಮಾಡವಾ, ನಿಮ್ಮವ್ವ ಕಾಯ್ತಾಳ' ಎಂದು ಹೇಳಿಟ್ಟೆ.

ಹನ್ನೊಂದು ಹೊಡೆದು ಐದಕ್ಕೆ ಫೋನು ಬಂತು. ಗಿರಿಜಾ ಆಗಷ್ಟೇ ಹಣ್ಣು ಒಡೆದು ನನ್ನ ಮುಂದಿಟ್ಟಿದ್ದಳು. 'ನೀವು ತಿನ್ರಿ, ಬಂದೆ' ಎಂದು ಒಳಗೆ ಹೋದಳು. ನಾನು ಬೀಜ ಸಮೇತ ತಿರುಳನ್ನೆಲ್ಲ ಚಮಚದಿಂದ ಕೆರೆದು ಪೇಪರಿಗೆ ಹಾಕಿ, ಪೊಟ್ಟಣ ಕಟ್ಟಿ, ಬಾಲ್ಕನಿಯ ಮೂಲೆಯ ವಾಷಿಂಗ್ ಮಷಿನ್ನಿನ ಹಿಂದೆ ತಳ್ಳಿದೆ. ಕಿಸೆಯ ಬೀಜಗಳು ಒಣಗಿದ್ದವು. ಅವನ್ನು ನಲ್ಲಿಯಲ್ಲಿ ನೆನೆಸಿ ತಟ್ಟೆಗೆ ಉದುರಿಸಿದೆ. ಕರಿಕರಿಯಾಗಿ ಹೊಳೆದವು. ಅಳತೆ, ಬಣ್ಣ, ಎಣಿಕೆ ಎಲ್ಲ ಸರಿ. ನಾನೇ ತಪಾಸಣೆಗೆ ಕೂತಿದ್ದರೆ 'ಪಾಸು' ಎಂದು ಬರೆಯುತ್ತಿದ್ದೆ.

ಗಿರಿಜಾ ಬಂದು ಎದುರಿಗೆ ಕೂತಳು. 'ಹೆಂಗೈತ್ರಿ?'

ನನಗೆ ಎಲ್ಲಿಲ್ಲದ ಹುರುಪು ಬಂತು. ಅವಳಿಗೆ ಇವತ್ತು ಮೋಸ ಮಾಡುತ್ತಿದ್ದೇನೆ, ಕೊನೇಪಕ್ಷ ಮಾತನ್ನಾದರೂ ಪೂರ್ತಿ ಕೊಡೋಣ ಎನಿಸಿತು. 'ಇಂಥಾದು ಈ ಸೀಸನ್ನಿನ್ಯಾಗ ಬಂದಿದ್ದಿಲ್ಲ ನೋಡು' ಎಂದು ಶುರುಮಾಡಿದೆ. 'ಸಿಪ್ಪಿ ಕಡೆ ಚಿರೋಟಿ ರವಾ, ನಡುವ ಗಟ್ಟಿ ಕೆನಿ. ಬಾಯಾಗ ಇಟ್ಟ ಕೂಡ್ಲೆ ಸಿಹಿ ಬರೂದಿಲ್ಲ, ಮೊದಲ ವಾಸನಿ ಬರತೈತಿ, ಆಮ್ಯಾಲ ಸಿಹಿ ಮೆಲ್ಲಕ ಇಳೀತೈತಿ. ಬೀಜ ತಾವಾ ಜಾರತಾವ, ಎಳಿಯೂದ ಬ್ಯಾಡ. ಇದು ತೋಟದ ಹಣ್ಣಲ್ಲ, ಗುಡ್ಡದ್ದು. ನೀರು ಕಮ್ಮಿ ಕುಡದು ಬೆಳದದ್ದು. ನಿಮ್ಮ ಮುದಗಲ್ಲ ಕೋಟಿ ಬುಡಕ ಹಿಂಥಾವ ಬರತಿದ್ವು ಅಂತಿದ್ದೆಲ್ಲ, ಅಂಥಾದು.'

ಅವಳು ಕಣ್ಣು ಮುಚ್ಚಿ ಕೇಳಿದಳು. ಪೂರ್ತಿ ಮುಚ್ಚಿದ್ದಳು. ಮುಗಿದ ಮೇಲೂ ಸ್ವಲ್ಪ ಹೊತ್ತು ತೆಗೆಯಲಿಲ್ಲ. ಆಮೇಲೆ ಶಾಂತವಾಗಿ ಹೇಳಿದಳು, 'ಇವತ್ತ ನೀವು ತಿಂದಿಲ್ಲ.'

'ಏ, ಬೀಜ ನೋಡಿಲ್ಲಿ.'

'ಬೀಜ ಇರ್ಲಿ. ತಿಂದಿದ್ರ ನಿಮಗ ಇಷ್ಟ ಮಾತು ಬರತಿದ್ದಿಲ್ಲ. ಬಾಯಾಗ ಸೀತಾಫಲ ಇದ್ದಾಗ ನೀವು ಹೆಂಗ ಇರತೀರಿ ಅನ್ನೂದು ಮುದಗಲ್ಲದಾಗ ಮೊದಲನೇ ದಿವಸನ ನೋಡೀನಿ ನಾ.' ತಟ್ಟೆ ಪಕ್ಕಕ್ಕೆ ಸರಿಸಿ, 'ಹಣ್ಣು ಎಲ್ಲಿ ಇಟ್ಟೀರಿ? ಇರುವಿ ಮುಕ್ಕರತಾವ, ಮೊದಲ ತಗೀರಿ' ಎಂದಳು.

ಪೊಟ್ಟಣವನ್ನೂ ತಂದೆ, ಪಂಚಾಂಗವನ್ನೂ ತಂದೆ. ಅವಳು ಕನ್ನಡಕ ಹಾಕಿಕೊಂಡು ಎರಡೂ ರಿಪೋರ್ಟು ಓದಿದಳು. ಅಂಕಿಗಳ ಪಕ್ಕದಲ್ಲಿ ದಪ್ಪಕ್ಷರದಲ್ಲಿ 'ಹೈ' ಎಂದು ಇದ್ದದ್ದನ್ನು ಬೆರಳಿಟ್ಟು ಎರಡನೆಯ ಸಲ ಓದಿದಳು. ಸಿಟ್ಟಾಗುತ್ತಾಳೆ ಎಂದು ಕಾದೆ. ಸಿಟ್ಟಾಗಿದ್ದರೆ ನನಗೆ ಅನುಕೂಲವಿತ್ತು.

'ನಾ ಬಿಟ್ರ ನಿನಗೂ ಸೀಸನ್ ಮುಗೀತಲ್ಲ ಅಂತ' ಎಂದು ನಾನೇ ಬಾಯಿಬಿಟ್ಟೆ. 'ನಿನ್ನ ಸಲುವಾಗಿ...'

'ನನ್ನ ಸಲುವಾಗಿ ತಿಂತಿದ್ರಿ' ಎಂದಳು. ಕೇಳಿದ ಹಾಗಿರಲಿಲ್ಲ, ಹೇಳಿದ ಹಾಗಿತ್ತು. ರಿಪೋರ್ಟನ್ನು ಮಡಿಸಿ ಚಾಪೆಯ ಮೇಲಿಟ್ಟಳು. 'ಕಾಶ್ಯಾಗ ನಾನೂ ಬ್ಯಾರೆ ಏನರೆ ಹೇಳಾಕಿದ್ದೆ. ಪೇರಲಹಣ್ಣು ಅಂತ ಬಾಯಿಗೆ ಬಂದಿತ್ತು. ಅಷ್ಟ್ರಾಗ ನೀವು ಸೇಬು ಅಂದ್ರಿ. ಮ್ಯಾಲೆ ಜಾನ್ ಹೈ ಅಂದ್ರಿ. ಎಲ್ಲಾರೂ ನಕ್ಕರು. ನನಗ ಹೆದರಿಕಿ ಆತು. ನಮ್ಮ ಮನಿಯಿಂದ ಒಬ್ಬರರೆ ಖರೇ ಬಿಡಬೇಕಲ್ಲ ಅಂತ, ಇಬ್ಬರದೂ ಕೂಡಿ ನಾ ಬಿಟ್ಟೆ.'

ಹನ್ನೊಂದು ವರ್ಷ. ಪ್ರತಿ ಅಕ್ಟೋಬರಿನಲ್ಲೂ ಅವಳ ಪಾಲಿನದನ್ನು ನಾನು ತಿಂದೆ ಎಂದುಕೊಂಡಿದ್ದೆ. ನನ್ನ ಪಾಲಿನದನ್ನು ಅವಳು ಬಿಟ್ಟಿದ್ದಳು. ನನಗೆ ಅಳು ಬಂತು, ಬಂದದ್ದನ್ನು ಹೇಳಲು ಈ ವಯಸ್ಸಿನಲ್ಲಿ ನಾಚಿಕೆಯೇನೂ ಇಲ್ಲ. ಬಾಯಲ್ಲಿ ಒಂದು ಬೀಜವೂ ಇರಲಿಲ್ಲ, ಆದರೂ ಮಾತು ಹೊರಡಲಿಲ್ಲ.

ಕಣ್ಣು ಒರೆಸಿಕೊಂಡು, 'ಇನ್ನ ಮನಿಗೆ ಸೀತಾಫಲ ತರೂದು ಬ್ಯಾಡ' ಎಂದೆ.

'ಯಾಕ ಬ್ಯಾಡ?' ಎಂದಳು ಗಿರಿಜಾ. 'ಬಿಡೂದು ಅಂದ್ರ ಹಣ್ಣಿನ ಜೋಡಿ ಜಗಳಾ ಆಡೂದಲ್ರಿ. ನಿಮಗ ಬಿಡಾಕ ಬರೂದಿಲ್ಲ ಅಷ್ಟ. ನಾ ಕಲಸ್ತೀನಿ.'

'ಸೇಬಿಂದು ಏನು ಮಾಡೂದು? ಅದನ್ನ ಸುಳ್ಳ ಬಿಟ್ಟಿದ್ದು. ಡಾಕ್ಟರ್ ಬ್ಯಾರೆ ತಿನ್ನು ಅಂದಾರ.'

'ಸುಳ್ಳ ಬಿಟ್ಟಿದ್ದನ್ನ ಈಗ ಖರೇ ಬಿಡ್ರಿ' ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮರುದಿನವೇ ನನ್ನ ಹೊಸ ಪಾಠ ಶುರುವಾಯಿತು. ಯಾದಮ್ಮನ ಬುಟ್ಟಿಯ ಮುಂದೆ ನನ್ನನ್ನೂ ಕೂಡಿಸಿಕೊಂಡಳು. 'ಹಿಚಕಬ್ಯಾಡ್ರಿ, ತೂಗ್ರಿ' ಎಂದಳು. ತೂಗಿದೆ. ನಾನು ಆರಿಸಿದ ಮೊದಲ ಎರಡನ್ನು ಯಾದಮ್ಮ ನನ್ನ ಕೈಯಿಂದ ಕಿತ್ತುಕೊಂಡು ವಾಪಸು ಬುಟ್ಟಿಗೆ ಹಾಕಿದಳು. ಜೀವನದಲ್ಲಿ ಮೊದಲ ಸಲ ನನ್ನ ಮಾಲು ರಿಜೆಕ್ಟಾಯಿತು. ಮೂರನೆಯದಕ್ಕೆ ಇಬ್ಬರೂ ತಲೆದೂಗಿದರು. ಅಕ್ಕಿ ಡಬ್ಬಿಯಲ್ಲಿ ಹುಗಿದವನೂ ನಾನೇ, ಬೆಳಿಗ್ಗೆ ಸಂಜೆ ಬೆರಳ ತುದಿ ಸೋಕಿಸಿ ನೋಡಿದವನೂ ನಾನೇ. ನಮ್ಮಜ್ಜಿಯ ಚೀಲಕ್ಕೆ ಕೈ ಹಾಕಿದ್ದ ಆ ಹೆಬ್ಬೆರಳು ಈ ಸಲ ತಡೆದುಕೊಂಡಿತು.

ಭಾನುವಾರ ಗಿರಿಜಾ ಮೇಲಿನ ಮನೆಯ ಭಾಗ್ಯಶ್ರೀಯನ್ನು ಕರೆದಳು. ಗದಗಿನ ಕಡೆಯ ಹುಡುಗಿ, ಹೊಸದಾಗಿ ಮದುವೆಯಾಗಿ ಬಂದವಳು. ಗಂಡನಿಗೆ ನಾನಿದ್ದಂಥದೇ ಒಂದು ಸರಕಾರಿ ಕಾರ್ಖಾನೆಯಲ್ಲಿ ನೌಕರಿ. ಚಾಪೆ ಹಾಸಿದೆವು. ಹಣ್ಣನ್ನು ನಾನೇ ಎರಡು ಹೆಬ್ಬೆರಳಿಟ್ಟು ಒಡೆದೆ. ಬೆಳ್ಳಗೆ ಬಾಯಿ ಬಿಟ್ಟಿತು, ವಾಸನೆ ಬಾಲ್ಕನಿ ತುಂಬಿತು. ಭಾಗ್ಯಶ್ರೀ ಸಂಕೋಚದಿಂದ ಒಂದು ತುತ್ತು ಬಾಯಿಗೆ ಹಾಕಿಕೊಂಡಳು. ನಾವಿಬ್ಬರೂ ಎದುರಿಗೆ ಕೂತು ಅವಳ ಬಾಯನ್ನೇ ನೋಡಿದೆವು. ನನಗೆ ತಡೆಯಲಾಗಲಿಲ್ಲ.

'ಹೆಂಗೈತವಾ?'

'ಚಲೋ ಐತ್ರಿ ಕಾಕಾ.'

'ಚಲೋ ಐತಿ ಅಂದ್ರ ಏನವಾ? ರವಾ ದಪ್ಪ ಐತೋ, ಸಣ್ಣದೈತೋ? ವಾಸನಿ ಮೊದಲ ಬಂತೋ, ಸಿಹಿ ಮೊದಲ ಬಂತೋ?'

ಆ ಹುಡುಗಿ ಅಷ್ಟರಲ್ಲಿ ದೊಡ್ಡದೊಂದು ತುತ್ತು ಹಾಕಿಕೊಂಡಿದ್ದಳು. ಕೆನ್ನೆ ಉಬ್ಬಿತ್ತು. ಬೀಜಗಳನ್ನು ಒಂದು ಕಡೆಗೆ ಸರಿಸುತ್ತ, ತಡೀರಿ ಎಂದು ಕೈ ಎತ್ತಿದಳು. ನಾನು ಮತ್ತೆ ಕೇಳಲು ಹೊರಟಾಗ ಗಿರಿಜಾ ನನ್ನ ತೋಳು ಹಿಡಿದಳು.

'ಸುಮ್ನಿರ್ರಿ' ಎಂದಳು. 'ಖರೇ ತಿನ್ನಾಕತ್ತಾಳ.'

ಭಾಗ್ಯಶ್ರೀ ಎರಡನೆಯ ಹಣ್ಣನ್ನೂ ತಿಂದು, ಬೀಜಗಳನ್ನೆಲ್ಲ ತಟ್ಟೆಗೆ ಉಗುಳಿ, ಕೈ ತೊಳೆಯಲು ಒಳಗೆ ಹೋದಳು. ಗಿರಿಜಾ ಏಳಲಿಲ್ಲ. ನಾನೂ ಏಳಲಿಲ್ಲ. ಒಂದು ಸಲ ಕನ್ನಡಕ ಸರಿಮಾಡಿಕೊಳ್ಳುವ ನೆಪದಲ್ಲಿ ಕೈಯನ್ನು ಮೂಗಿನ ಹತ್ತಿರ ಒಯ್ದೆ. ಅವಳು ನೋಡಿಯೂ ನೋಡದ ಹಾಗೆ ಕೂತಿದ್ದಳು.